ಕಾಯುವ ಕಾಯಕ

ಕನ್ನಡದಲ್ಲಿ ‘ಕಾಯು’ ಎಂಬ ಕ್ರಿಯಾಪದಕ್ಕೆ ಎರಡು ಮುಖ್ಯ ಅರ್ಥಗಳಿವೆ. ಬರಬೇಕಾದುದರ ದಾರಿ ನೋಡುತ್ತಿರುವುದು ಒಂದು. ಇರುವುದನ್ನು ಕಾಪಾಡುವುದು ಇನ್ನೊಂದು. ಮಳೆಗಾಗಿ ಆಕಾಶ ನೋಡುವ ರೈತನೂ ಕಾಯುತ್ತಾನೆ, ಬೆಳೆದು ನಿಂತ ಹೊಲವನ್ನು ರಾತ್ರಿಯೆಲ್ಲ ಎಚ್ಚರವಿದ್ದು ರಕ್ಷಿಸುವ ರೈತನೂ ಕಾಯುತ್ತಾನೆ. ಭಕ್ತನು ದೇವರ ಕೃಪೆಗಾಗಿ ಕಾಯುತ್ತಾನೆ. ದೇವರು ಭಕ್ತನನ್ನು ಕಾಯುತ್ತಾನೆ. ಮೂವತ್ತೆರಡು ವರ್ಷ ಮಕ್ಕಳಿಗೆ ಕನ್ನಡ ಪಾಠ ಹೇಳಿದ ನಾನು ಈ ಎರಡು ಅರ್ಥಗಳು ಒಂದೇ ಪದದಲ್ಲಿ ನೆಲೆಸಿರುವುದರ ಮರ್ಮವನ್ನು ಎಂದೂ ಯೋಚಿಸಿರಲಿಲ್ಲ. ನಿವೃತ್ತಿಯ ನಂತರ ಬಂದ ಒಂದು ರೋಗವು ಅದನ್ನು ಆರು ತಿಂಗಳ ಕಾಲ ಕುಳ್ಳಿರಿಸಿಕೊಂಡು ಕಲಿಸಿತು. ಆ ಪಾಠವನ್ನು ಸದ್ಭಕ್ತರ ಮುಂದೆ ಅರಿಕೆ ಮಾಡಿಕೊಳ್ಳುವುದು ನನ್ನ ಕರ್ತವ್ಯವೆಂದು ಭಾವಿಸಿ ಈ ಲೇಖನ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ತಪ್ಪುಗಳೇ ಹೆಚ್ಚು. ಅವುಗಳಿಂದ ಇನ್ನೊಬ್ಬರಿಗೆ ಉಪಯೋಗವಾದರೆ ಅಷ್ಟೇ ಸಾಕು.

ಮೂರು ವರ್ಷಗಳ ಹಿಂದಿನ ಮಾತು. ಶ್ರಾವಣದ ಕೊನೆಯ ವಾರದಲ್ಲಿ ನನಗೆ ಕೆಮ್ಮು ಹತ್ತಿತು. ಮಠದಲ್ಲಿ ತಿಂಗಳ ಪ್ರವಚನ ಮಂಗಲದ ಹಂತಕ್ಕೆ ಬಂದಿತ್ತು. ಒಂದು ದಿನವೂ ತಪ್ಪಿಸಬಾರದೆಂಬ ಹಟದಿಂದ ಕೆಮ್ಮುತ್ತಲೇ ಹೋಗಿ ಕುಳಿತೆ. ಸುತ್ತಲೂ ಮಕ್ಕಳು, ವೃದ್ಧರು, ಬಾಣಂತಿಯರು ಇದ್ದರು. ಮನೆಯಲ್ಲಿ ಶುಂಠಿ, ಮೆಣಸು, ಜೇನುತುಪ್ಪದ ಉಪಚಾರ ನಡೆಯಿತು. ಸಂಜೆಗೆ ಮೈ ಬೆಚ್ಚಗಾಗುತ್ತಿತ್ತು, ರಾತ್ರಿ ಬೆವರುತ್ತಿತ್ತು, ಊಟ ಸೇರುತ್ತಿರಲಿಲ್ಲ. ‘ಎಲ್ಲ ತಾನಾಗಿಯೇ ಸರಿಹೋಗುತ್ತದೆ, ಸ್ವಲ್ಪ ತಾಳ್ಮೆ ಬೇಕು’ ಎಂದು ಮನೆಯವರಿಗೆ ನಾನೇ ಬುದ್ಧಿ ಹೇಳುತ್ತಿದ್ದೆ. ಹೀಗೆ ಆರು ವಾರಗಳು ಕಳೆದವು. ಮಹಾನವಮಿಯ ಹಿಂದಿನ ವಾರ ಕಫದಲ್ಲಿ ರಕ್ತದ ಗೆರೆ ಕಂಡಾಗ ಮಗನು ಬಲವಂತವಾಗಿ ಆಸ್ಪತ್ರೆಗೆ ಕರೆದೊಯ್ದನು. ಐವತ್ತಾರು ಕಿಲೋ ಇದ್ದ ತೂಕ ನಲವತ್ತೇಳಕ್ಕೆ ಇಳಿದಿತ್ತು. ಕಫದ ಪರೀಕ್ಷೆಯಲ್ಲಿ ಶ್ವಾಸಕೋಶದ ಕ್ಷಯವೆಂದು ತಿಳಿಯಿತು.

ಎರಡು ವಾರಕ್ಕಿಂತ ಹೆಚ್ಚು ಕಾಲ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಬೇಕೆಂಬ ಫಲಕವನ್ನು ನಾನು ನಮ್ಮ ಶಾಲೆಯ ಗೋಡೆಯ ಮೇಲೆಯೇ ಹಲವು ವರ್ಷ ನೋಡಿದ್ದೆ. ಆದರೂ ಆರು ವಾರ ಸುಮ್ಮನಿದ್ದೆ. ಅದನ್ನು ನಾನು ತಾಳ್ಮೆಯೆಂದು ಕರೆದುಕೊಂಡೆ. ನಿಜದಲ್ಲಿ ಅದು ಭಯವಾಗಿತ್ತು. ಏನಾದರೂ ದೊಡ್ಡ ರೋಗದ ಹೆಸರು ಹೇಳಿಯಾರೆಂಬ ಅಂಜಿಕೆಗೆ ಭಕ್ತಿಯ ಬಟ್ಟೆ ಉಡಿಸಿದ್ದೆ. ನನ್ನ ಮೊದಲ ತಪ್ಪು ಅದು. ಅದರ ಬೆಲೆಯನ್ನು ನಾನೊಬ್ಬನೇ ತೆರಲಿಲ್ಲ. ಮನೆಯಲ್ಲಿ ನನ್ನ ಮಗ್ಗುಲಲ್ಲೇ ಮಲಗುತ್ತಿದ್ದ ನಾಲ್ಕು ವರ್ಷದ ಮೊಮ್ಮಗಳಿದ್ದಳು. ಪರೀಕ್ಷೆಯಲ್ಲಿ ಅವಳಿಗೆ ರೋಗ ಕಾಣಲಿಲ್ಲ. ಆದರೆ ಐದು ವರ್ಷದೊಳಗಿನ ಮಕ್ಕಳು ಇಂತಹ ರೋಗಿಯ ಜೊತೆಗಿದ್ದರೆ ಮುಂದೆ ರೋಗ ತಲೆದೋರದಂತೆ ಅವರಿಗೂ ಔಷಧ ಕೊಡುವುದು ಪದ್ಧತಿ. ಹೀಗೆ ಆ ಮಗುವೂ ನನ್ನ ಜೊತೆಗೆ ಆರು ತಿಂಗಳ ಗುಳಿಗೆ ನುಂಗಬೇಕಾಯಿತು.

ಆರು ತಿಂಗಳು ಏಕೆ ಎಂದು ವೈದ್ಯರನ್ನು ಕೇಳಿದೆ. ಅವರು ಬೇಸರಿಸದೆ ವಿವರಿಸಿದರು. ಸಾಮಾನ್ಯ ಹೊಟ್ಟೆಬೇನೆಯ ಕೆಲವು ಸೂಕ್ಷ್ಮಜೀವಿಗಳು ಅನುಕೂಲವಿದ್ದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಕ್ಷಯದ ಸೂಕ್ಷ್ಮಜೀವಿಯಾದರೋ ಒಮ್ಮೆ ಇಮ್ಮಡಿಯಾಗಲು ಹತ್ತಿರ ಹತ್ತಿರ ಒಂದು ದಿನವನ್ನೇ ತೆಗೆದುಕೊಳ್ಳುತ್ತದೆ. ಅದಕ್ಕೆ ಮೇಣದಂತಹ ದಪ್ಪ ಹೊದಿಕೆಯಿದೆ. ಅವುಗಳಲ್ಲಿ ಕೆಲವು ಬೆಳೆಯುವುದನ್ನೇ ನಿಲ್ಲಿಸಿ ದೇಹದೊಳಗೆ ನಿದ್ರಿಸಿದಂತೆ ಉಳಿದುಬಿಡುತ್ತವೆ. ಔಷಧವು ಬೆಳೆಯುತ್ತಿರುವ ಜೀವಿಗಳನ್ನು ಬೇಗ ಕೊಲ್ಲುತ್ತದೆ. ನಿದ್ರಿಸುವವು ಒಂದೊಂದಾಗಿ ಏಳುವವರೆಗೆ ಕಾದುಕೊಂಡಿರಬೇಕಾಗುತ್ತದೆ. ಆದ್ದರಿಂದ ಮೊದಲ ಎರಡು ತಿಂಗಳು ನಾಲ್ಕು ಬಗೆಯ ಔಷಧಗಳು, ಅನಂತರದ ನಾಲ್ಕು ತಿಂಗಳು ಮೂರು ಬಗೆಯವು. ನನ್ನ ತೂಕಕ್ಕೆ ದಿನಕ್ಕೆ ಮೂರು ಗುಳಿಗೆಗಳು. ಮೊದಲ ದಿನವೇ ಮೂತ್ರವು ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಗಾಬರಿಯಾದೆ. ಅದು ಔಷಧದ ಬಣ್ಣವೆಂದೂ ಹೆದರಬೇಕಿಲ್ಲವೆಂದೂ ಮುಂಚೆಯೇ ಹೇಳಿದ್ದರಿಂದ ಸಮಾಧಾನವಾಯಿತು.

ಈ ಆರು ತಿಂಗಳ ಹಿಂದೆ ಎಷ್ಟು ಜನರ ಕಾಯುವಿಕೆ ಇದೆಯೆಂಬುದನ್ನು ಆಮೇಲೆ ಓದಿ ತಿಳಿದೆ. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ ಕ್ಷಯಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಕಂಡುಹಿಡಿದ ಸಂಗತಿಯನ್ನು 1882ರ ಮಾರ್ಚ್ 24ರಂದು ಪ್ರಕಟಿಸಿದನು. ರೋಗದ ಮೂಲ ತಿಳಿದ ಮೇಲೂ ಅದನ್ನು ಕೊಲ್ಲುವ ಮೊದಲ ಔಷಧವಾದ ಸ್ಟ್ರೆಪ್ಟೊಮೈಸಿನ್ ದೊರೆಯಲು ಅರವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಅಲ್ಲಿಯವರೆಗೆ ರೋಗಿಗಳಿಗೆ ಇದ್ದದ್ದು ಶುದ್ಧ ಗಾಳಿ, ಒಳ್ಳೆಯ ಆಹಾರ, ವಿಶ್ರಾಂತಿ ಮತ್ತು ಪ್ರಾರ್ಥನೆ. ನಮ್ಮ ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆಸ್ಪತ್ರೆ ಕಟ್ಟಿದ್ದು ಅಂತಹ ಕಾಲದಲ್ಲಿ. ಮುಂದೆ 1956ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಕ್ಷಯರೋಗ ಚಿಕಿತ್ಸಾ ಕೇಂದ್ರದ ಅಧ್ಯಯನವು, ಔಷಧವನ್ನು ಕ್ರಮವಾಗಿ ಸೇವಿಸಿದರೆ ಬಡವರ ಮನೆಯಲ್ಲಿದ್ದುಕೊಂಡೇ ರೋಗಿ ಗುಣವಾಗಬಲ್ಲನೆಂದು ಜಗತ್ತಿಗೆ ತೋರಿಸಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಆ ಕಾಲದಲ್ಲಿ ಒಂದು ವರ್ಷಕ್ಕೂ ಮೇಲ್ಪಟ್ಟು ನಡೆಯುತ್ತಿದ್ದ ಚಿಕಿತ್ಸೆ, ರಿಫಾಂಪಿಸಿನ್ ಎಂಬ ಔಷಧ ಬಂದ ಮೇಲೆ ಆರು ತಿಂಗಳಿಗೆ ಇಳಿಯಿತು. ಹಿಂದಿನವರು ಮದ್ದಿಲ್ಲದೆ ಕಾದರು. ನನಗೆ ಮದ್ದನ್ನು ಅಂಗೈಯಲ್ಲಿಟ್ಟು ಕಾಯಲು ಹೇಳಿದ್ದರು. ಅದನ್ನೂ ನಾನು ಸರಿಯಾಗಿ ಮಾಡಲಿಲ್ಲ.

ಮೊದಲ ತಿಂಗಳು ಕಷ್ಟದಲ್ಲಿ ಕಳೆಯಿತು. ವಾಕರಿಕೆ, ಕೀಲುನೋವು, ನಿಶ್ಶಕ್ತಿ. ಎರಡನೆಯ ತಿಂಗಳು ಹಸಿವು ಮರಳಿತು, ಕೆಮ್ಮು ನಿಂತಿತು. ಮೂರನೆಯ ತಿಂಗಳ ಹೊತ್ತಿಗೆ ಎಳ್ಳ ಅಮಾವಾಸ್ಯೆ ಬಂದಿತು. ಬೀಗರು, ನೆಂಟರು ಬಂದರು. ಎಲ್ಲರೊಂದಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದೆ, ದಣಿವೇ ಆಗಲಿಲ್ಲ. ಬಂದವರ ಮುಂದೆ ಗುಳಿಗೆ ನುಂಗಲು ಸಂಕೋಚವೆನಿಸಿ ಅಂದು ಬಿಟ್ಟೆ. ಮರುದಿನವೂ ಬಿಟ್ಟೆ. ಏನೂ ಆಗಲಿಲ್ಲ. ‘ಗುರುಕೃಪೆಯಿಂದ ಗುಣವಾಗಿದೆ, ಇನ್ನು ಈ ವಿಷ ಏಕೆ? ಮುಂದಿನದನ್ನು ಅವನೇ ನೋಡಿಕೊಳ್ಳುತ್ತಾನೆ’ ಎಂದು ಮನಸ್ಸಿಗೆ ಹೇಳಿಕೊಂಡೆ. ಹೇಳಿಕೊಳ್ಳುವಾಗ ನಾನು ದೊಡ್ಡ ಭಕ್ತನೆಂಬ ಹೆಮ್ಮೆಯೂ ಒಳಗೆ ಇತ್ತೆಂಬುದನ್ನು ಮುಚ್ಚಿಡಲಾರೆ. ಹೀಗೆ ಒಂಬತ್ತು ದಿನಗಳು ಉರುಳಿದವು.

ಒಂಬತ್ತನೆಯ ದಿನ ಬೆಳಿಗ್ಗೆ ಮೊಮ್ಮಗಳು ತನ್ನ ಗುಳಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತಳು.

‘ಅಜ್ಜಾ, ನೀ ಯಾಕ ಗುಳಿಗಿ ತಗೊಳ್ಳಂಗಿಲ್ಲ?’

‘ನನಗ ಆರಾಮ ಆಗೇದವ್ವ.’

‘ನನಗ ಏನೂ ಆಗೇ ಇಲ್ಲಲ್ಲ, ಮತ್ತ ನಾ ಯಾಕ ತಗೋಬೇಕು?’

ಉತ್ತರ ಹೊಳೆಯಲಿಲ್ಲ. ನನ್ನಿಂದಾಗಿ ಆ ಮಗುವಿಗೆ ಗುಳಿಗೆಯ ಪಾಲು ಬಂದಿತ್ತು. ಎಷ್ಟು ದಿನ, ಏಕೆ, ಏನು ಫಲ ಎಂದು ಒಮ್ಮೆಯೂ ಕೇಳದೆ, ತಾಯಿ ಕೊಟ್ಟಳೆಂಬ ಒಂದೇ ಕಾರಣಕ್ಕೆ ಅವಳು ದಿನವೂ ನುಂಗುತ್ತಿದ್ದಳು. ದೇವರಲ್ಲಿ ವಿಶ್ವಾಸವಿದೆಯೆಂದು ಊರಿಗೆಲ್ಲ ಹೇಳುವ ನಾನು ಅದನ್ನು ಅರ್ಧದಲ್ಲಿ ಬಿಟ್ಟಿದ್ದೆ. ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ನಡೆದುದನ್ನು ಒಪ್ಪಿಕೊಂಡೆ. ಅಲ್ಲಿಯ ಸಹೋದರಿ ಬೈಯಲಿಲ್ಲ. ‘ಸರ್ರ, ಅರ್ಧಾ ಪಾಠಕ್ಕ ಪುಸ್ತಕಾ ಮುಚ್ಚಿದ ಹುಡುಗರನ್ನ ನೀವು ಪಾಸ್ ಮಾಡ್ತಿದ್ರೇನು?’ ಎಂದಷ್ಟೇ ಕೇಳಿದರು. ಕಫವನ್ನು ಮತ್ತೆ ಪರೀಕ್ಷಿಸಿದರು. ಸೂಕ್ಷ್ಮಜೀವಿಗಳು ಕಾಣಲಿಲ್ಲ. ತಪ್ಪಿದ ಒಂಬತ್ತು ದಿನಗಳನ್ನು ಕೊನೆಗೆ ಸೇರಿಸಿ ಚಿಕಿತ್ಸೆ ಮುಂದುವರಿಸಲು ವೈದ್ಯರು ಹೇಳಿದರು.

ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ ನಮ್ಮ ಎರೆಭೂಮಿಯಲ್ಲಿ ಬಿಳಿಜೋಳದ ತೆನೆ ಹಾಲುಗಾಳಿನ ಹಂತದಲ್ಲಿರುತ್ತದೆ. ಅದನ್ನು ಕೆಂಡದಲ್ಲಿ ಸುಟ್ಟು ಉದುರಿಸಿಕೊಂಡು ತಿನ್ನುವ ಸೀತನಿಯ ರುಚಿ ಬಲ್ಲವರೇ ಬಲ್ಲರು. ಆದರೆ ಸೀತನಿ ರುಚಿಯಾಗಿದೆಯೆಂದು ಇಡೀ ಹೊಲವನ್ನೇ ಆಗ ಕೊಯ್ದ ರೈತನನ್ನು ಯಾರಾದರೂ ಕಂಡಿದ್ದಾರೆಯೆ? ಆ ಕಾಳು ಚೀಲದಲ್ಲಿ ನಿಲ್ಲುವುದಿಲ್ಲ, ಬೀಜಕ್ಕೂ ಬರುವುದಿಲ್ಲ. ಎರಡು ತಿಂಗಳಿಗೆ ಮೈಗೆ ಬಂದ ಹಗುರತನ ನನ್ನ ಪಾಲಿನ ಸೀತನಿ. ಅದನ್ನೇ ಸುಗ್ಗಿಯೆಂದು ಭ್ರಮಿಸಿದೆ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಉಳಿದುಕೊಂಡ ಸೂಕ್ಷ್ಮಜೀವಿಗಳು ಔಷಧಕ್ಕೆ ಬಗ್ಗದಂತಾಗುವ ಅಪಾಯವಿದೆ. ಆಗ ರೋಗವು ಮರಳಿ ಬರುವುದಲ್ಲದೆ, ಬಗ್ಗದ ರೂಪದಲ್ಲೇ ಇನ್ನೊಬ್ಬರಿಗೂ ಹರಡುತ್ತದೆ.

ಆ ಅಪಾಯ ಪುಸ್ತಕದ ಮಾತಲ್ಲ. ನಾನು ಹೋಗುತ್ತಿದ್ದ ಕೇಂದ್ರಕ್ಕೆ ಒಬ್ಬ ಯುವಕನೂ ಬರುತ್ತಿದ್ದನು. ಮೂವತ್ತು ದಾಟದ ವಯಸ್ಸು. ಕಬ್ಬು ಕಡಿಯಲು ಗುಂಪಿನೊಂದಿಗೆ ಊರೂರು ಅಲೆಯುತ್ತಿದ್ದವನು. ಎರಡು ಸಲ ಚಿಕಿತ್ಸೆ ಆರಂಭಿಸಿ ಎರಡು ಸಲವೂ ಬಿಟ್ಟಿದ್ದನು. ಅವನಿಗೆ ನನ್ನಂತೆ ಹೆಮ್ಮೆಯಿರಲಿಲ್ಲ, ಹೊಟ್ಟೆಗಿರಲಿಲ್ಲ. ಮುಂಗಡ ಹಣ ಪಡೆದಿದ್ದರಿಂದ ಗುಂಪು ಹೊರಟಾಗ ಹೊರಡಲೇಬೇಕಿತ್ತು. ಅವನ ರೋಗ ಸಾಮಾನ್ಯ ಔಷಧಗಳಿಗೆ ಬಗ್ಗದ ಹಂತ ಮುಟ್ಟಿತ್ತು. ಮೂರನೆಯ ಸಲ ಅವನು ಒಂದು ದಿನವೂ ತಪ್ಪಿಸಲಿಲ್ಲ. ಆದರೂ ಬೇಸಗೆ ಬರುವಷ್ಟರಲ್ಲಿ ತೀರಿಕೊಂಡನು. ತಾಳ್ಮೆಯಿಂದ ಕಾದವರೆಲ್ಲರೂ ಗುಣವಾಗುತ್ತಾರೆಂದು ನಾನು ಬರೆಯಲಾರೆ. ಬರೆದರೆ ಅವನ ತಾಯಿಗೆ ಮುಖ ತೋರಿಸಲಾರೆ. ಫಲ ಸಿಕ್ಕೇ ಸಿಗುತ್ತದೆಂಬ ಭರವಸೆಯ ಮೇಲೆ ನಿಂತದ್ದು ವ್ಯಾಪಾರದ ತಾಳ್ಮೆ. ಫಲ ಏನೇ ಬರಲಿ, ಇಂದಿನ ಕರ್ತವ್ಯವನ್ನು ಲಿಂಗಾರ್ಪಿತವಾಗಿ ಮಾಡುವುದು ಭಕ್ತನ ತಾಳ್ಮೆ. ಮೂರನೆಯ ಸಲ ಆ ಯುವಕನಲ್ಲಿ ನಾನು ಕಂಡದ್ದು ಈ ಎರಡನೆಯದನ್ನು.

ನಮ್ಮ ಶರಣಧರ್ಮದಲ್ಲಿ ಷಟ್‌ಸ್ಥಲದ ಕಲ್ಪನೆಯಿದೆ. ಭಕ್ತಸ್ಥಲಕ್ಕೆ ಶ್ರದ್ಧೆ, ಮಹೇಶಸ್ಥಲಕ್ಕೆ ನಿಷ್ಠೆ, ಪ್ರಸಾದಿಸ್ಥಲಕ್ಕೆ ಅವಧಾನ, ಪ್ರಾಣಲಿಂಗಿಸ್ಥಲಕ್ಕೆ ಅನುಭಾವ, ಶರಣಸ್ಥಲಕ್ಕೆ ಆನಂದ, ಐಕ್ಯಸ್ಥಲಕ್ಕೆ ಸಮರಸ ಎಂದು ಆರು ಬಗೆಯ ಭಕ್ತಿಯನ್ನು ಹಿರಿಯರು ಹೇಳಿದ್ದಾರೆ. ಇದನ್ನು ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದ ನನಗೆ ಅರ್ಥವಾದದ್ದು ಗುಳಿಗೆಯ ಪೊಟ್ಟಣದ ಮುಂದೆ. ರೋಗ ಬಂದ ಹೊಸದರಲ್ಲಿ ಎಲ್ಲರಿಗೂ ಶ್ರದ್ಧೆ ಬರುತ್ತದೆ. ನೋವೇ ಅದನ್ನು ತರುತ್ತದೆ. ನೋವು ಇಳಿದ ಮೇಲೆ ಬೇಕಾಗುವುದು ನಿಷ್ಠೆ. ಏನೂ ಆಗುತ್ತಿಲ್ಲವೆಂದು ತೋರುವ, ಬೇಸರ ತರುವ, ಒಂದೇ ತೆರನಾದ ದಿನಗಳಲ್ಲಿ ಅದರ ಪರೀಕ್ಷೆ ನಡೆಯುತ್ತದೆ. ಅನಂತರ ಅವಧಾನ, ಎಂದರೆ ಎಚ್ಚರ: ಏನನ್ನು ಸ್ವೀಕರಿಸುತ್ತಿದ್ದೇನೆ, ಯಾರು ಕೊಟ್ಟದ್ದು, ಯಾವ ಭಾವದಿಂದ ಸ್ವೀಕರಿಸಬೇಕು ಎಂಬ ಅರಿವು. ಮುಂದಿನ ಸ್ಥಲಗಳ ಮಾತನಾಡುವ ಯೋಗ್ಯತೆ ನನಗಿಲ್ಲ. ಆದರೆ ಶ್ರದ್ಧೆಯಿಂದ ನೇರವಾಗಿ ಆನಂದಕ್ಕೆ ಜಿಗಿಯಲು ಹವಣಿಸಿದವನು ನಾನೆಂಬುದು ಸ್ಪಷ್ಟವಾಯಿತು. ಅಂದಿನಿಂದ ಬೆಳಗಿನ ಇಷ್ಟಲಿಂಗ ಪೂಜೆ ಮುಗಿದೊಡನೆ, ಕರುಣಪ್ರಸಾದ ಸ್ವೀಕರಿಸುವ ಭಾವದಿಂದಲೇ ಗುಳಿಗೆ ತೆಗೆದುಕೊಳ್ಳತೊಡಗಿದೆ. ಮೊಮ್ಮಗಳು ಎದುರಿಗೆ ಕುಳಿತು ತನ್ನದನ್ನು ನುಂಗುತ್ತಿದ್ದಳು. ಆಮೇಲೆ ಒಂದು ದಿನವೂ ತಪ್ಪಲಿಲ್ಲ.

ಆಯ್ದಕ್ಕಿ ಲಕ್ಕಮ್ಮ ತಾಯಿಯ ಪ್ರಸಂಗವೂ ಆಗ ಹೊಸದಾಗಿ ಕಂಡಿತು. ಕಲ್ಯಾಣದ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಆ ತಾಯಿ ಹಿಂದಕ್ಕೆ ಕಳುಹಿಸಿದರು. ಇಂದಿಗೆ ಇಂದಿನದು ಸಾಕು, ನಾಳಿನದನ್ನು ನಾಳೆ ಕೊಡುವವನಿದ್ದಾನೆ ಎಂಬುದು ಅವರ ನಿಲುವು. ಇದನ್ನು ನಾವು ಧನಸಂಗ್ರಹಕ್ಕೆ ಮಾತ್ರ ಅನ್ವಯಿಸುತ್ತೇವೆ. ರೋಗಿಯು ಸಂಗ್ರಹಿಸಲು ಹೊರಡುವುದು ನಾಳೆಯ ಫಲಿತಾಂಶವನ್ನು, ನಾಳೆಯ ಭಯವನ್ನು. ‘ಗುಣವಾಗುತ್ತದೆಯೋ ಇಲ್ಲವೋ ಈಗಲೇ ಹೇಳಿ’ ಎಂದು ವೈದ್ಯರನ್ನೂ ದೇವರನ್ನೂ ಪೀಡಿಸುತ್ತಾನೆ. ನನ್ನ ಪಾಲಿಗೆ ಒಂದು ದಿನದ ಅಕ್ಕಿಯೆಂದರೆ ಆ ದಿನದ ಮೂರು ಗುಳಿಗೆ. ಅಷ್ಟನ್ನು ಮಾಡಿ ಉಳಿದುದನ್ನು ಅವನಿಗೆ ಬಿಡುವುದೇ ವಿಶ್ವಾಸ. ಆ ಮೂರು ಗುಳಿಗೆಯನ್ನೂ ಅವನ ಮೇಲೆಯೇ ಹೇರಿದರೆ ಅದು ಸೋಮಾರಿತನ. ಲಕ್ಕಮ್ಮನವರು ಅಕ್ಕಿ ಆಯುವ ಕಾಯಕವನ್ನು ದೇವರಿಗೆ ಬಿಟ್ಟಿರಲಿಲ್ಲವೆಂಬುದನ್ನು ನೆನಪಿಡಬೇಕು.

ಔಷಧ ಸೇವಿಸುವುದೇ ವಿಶ್ವಾಸದ ಕೊರತೆಯೆಂದು ವಾದಿಸುವ ಹಿರಿಯರು ನಮ್ಮಲ್ಲಿ ಈಗಲೂ ಕೆಲವರಿದ್ದಾರೆ. ಅವರಿಗೆ ನನ್ನ ವಿನಮ್ರ ಉತ್ತರ ಇಷ್ಟೇ. ವಚನಕಾರರ ಸಾಲಿನಲ್ಲಿ ವೈದ್ಯ ಸಂಗಣ್ಣನವರಿದ್ದಾರೆ. ರೋಗಿಗಳ ಚಿಕಿತ್ಸೆಯೇ ಅವರ ಕಾಯಕ. ವೈದ್ಯವು ಶಿವನಿಗೆ ವಿರುದ್ಧವಾದುದಾಗಿದ್ದರೆ ಶರಣರು ಅದನ್ನು ಕಾಯಕವೆಂದು ಒಪ್ಪುತ್ತಿರಲಿಲ್ಲ. ದೇಹವನ್ನು ದೇಗುಲವೆಂದು ಕಂಡ ಪರಂಪರೆ ನಮ್ಮದು. ದೇಗುಲದ ಗೋಡೆ ಬಿರುಕು ಬಿಟ್ಟಾಗ ಗಾರೆಯವನನ್ನು ಕರೆಯದೆ ಕೈಮುಗಿದು ನಿಲ್ಲುವುದನ್ನು ಯಾರೂ ಭಕ್ತಿಯೆನ್ನುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಸೇರಿಸಲೇಬೇಕು. ಕಾಯುವುದು ಸದ್ಗುಣವೆಂದು ಎಲ್ಲದಕ್ಕೂ ಕಾಯಬಾರದು. ಎದೆಯಲ್ಲಿ ಒತ್ತಿದಂತಹ ನೋವು, ಅದು ಎಡಗೈಗೋ ದವಡೆಗೋ ಹರಡುವುದು, ತಣ್ಣನೆಯ ಬೆವರು, ಮುಖ ಒಂದು ಕಡೆಗೆ ವಾಲುವುದು, ಒಂದು ಕೈ ಸೋಲುವುದು, ಮಾತು ತೊದಲುವುದು, ಹಾವು ಕಡಿತ. ಇವುಗಳಲ್ಲಿ ಯಾವುದು ಕಂಡರೂ ಒಂದು ಕ್ಷಣವನ್ನೂ ಕಳೆಯದೆ 108ಕ್ಕೆ ಕರೆ ಮಾಡಬೇಕು. ಮಿದುಳಿನ ರಕ್ತನಾಳ ಕಟ್ಟಿಕೊಂಡಾಗ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಅಲ್ಲಿ ಒಂದು ರಾತ್ರಿಯ ತಾಳ್ಮೆ ಜೀವನಪೂರ್ತಿಯ ಅಂಗವೈಕಲ್ಯವಾಗಬಹುದು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ ಕಂಡರೂ ತಡಮಾಡದೆ ಪರೀಕ್ಷೆಗೆ ಹೋಗಬೇಕು. ಚಿಕಿತ್ಸೆಗೆ ಹೋಗುವಲ್ಲಿ ಅವಸರ, ಚಿಕಿತ್ಸೆ ಮುಗಿಸುವಲ್ಲಿ ತಾಳ್ಮೆ. ನಾನು ಎರಡನ್ನೂ ಅದಲುಬದಲು ಮಾಡಿದ್ದೆ.

ಕಾಯುವವನಿಗೆ ಜೊತೆ ಬೇಕು. ಕ್ಷಯವು ತಟ್ಟೆ, ಲೋಟ, ಬಟ್ಟೆಗಳಿಂದ ಹರಡುವುದಿಲ್ಲ. ಕೆಮ್ಮಿದಾಗ ಗಾಳಿಯಲ್ಲಿ ತೇಲುವ ಕಣಗಳಿಂದ ಹರಡುತ್ತದೆ. ರೋಗಿ ಬಾಯಿಗೆ ವಸ್ತ್ರ ಕಟ್ಟಿಕೊಂಡು, ಮನೆಯ ಕಿಟಕಿ ತೆರೆದಿಟ್ಟು, ಸರಿಯಾದ ಔಷಧವನ್ನು ಕೆಲವು ವಾರ ಸೇವಿಸಿದರೆ ಹರಡುವ ಭಯ ಬಹಳ ಮಟ್ಟಿಗೆ ತಗ್ಗುತ್ತದೆ. ಹೀಗಿರುವಾಗ ತಟ್ಟೆಯನ್ನು ಬೇರೆ ಮಾಡಿ ಮನಸ್ಸು ಮುರಿಯುವುದು, ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆಂದು ರೋಗವನ್ನು ಬಚ್ಚಿಡುವುದು ಇವೆರಡೂ ಬೇಡ. ಸರ್ಕಾರವು ಕ್ಷಯದ ಪರೀಕ್ಷೆ, ಔಷಧಗಳನ್ನು ಉಚಿತವಾಗಿ ಕೊಡುತ್ತದೆ. ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರಿನಿಂದ 1000 ರೂಪಾಯಿಗೆ ಏರಿಸಿದೆ. ಆದರೆ ದುಡಿಯುವವನೇ ಮಲಗಿದ ಮನೆಗೆ ಅಷ್ಟೇ ಸಾಲದು. ಹಸಿದವನಿಗೆ ತಾಳ್ಮೆಯ ಉಪದೇಶ ಮಾಡುವುದು ಸುಲಭ. ಅವನ ಮನೆಗೆ ಆರು ತಿಂಗಳ ಜೋಳ, ಹೆಸರುಕಾಳು, ಶೇಂಗಾ ಮುಟ್ಟಿಸುವುದು ದಾಸೋಹ. ಪ್ರತಿ ಊರಿನ ಭಕ್ತರು ತಮ್ಮ ಊರಿನ ಒಬ್ಬಿಬ್ಬರು ರೋಗಿಗಳ ಹೊಣೆ ಹೊತ್ತರೂ ಆ ಯುವಕನಂತೆ ಚಿಕಿತ್ಸೆ ಬಿಟ್ಟು ಕಬ್ಬಿನ ಗದ್ದೆಗೆ ಹೋಗುವವರು ಕಡಿಮೆಯಾದಾರು. ಶ್ರಾವಣದ ಪ್ರವಚನಕ್ಕೆ ಮೊದಲು ಕೆಮ್ಮಿನ ವಿಷಯವಾಗಿ ಒಂದು ಮಾತು ತಿಳಿಸುವ ಪದ್ಧತಿ ನಮ್ಮಲ್ಲಿ ಆರಂಭವಾಗಲೆಂದೂ ಪೂಜ್ಯರ ಪಾದಗಳಲ್ಲಿ ಬಿನ್ನವಿಸಿಕೊಳ್ಳುತ್ತೇನೆ. ನನ್ನಂತೆ ಕೆಮ್ಮುತ್ತ ಕುಳಿತವರು ಎದ್ದು ಆಸ್ಪತ್ರೆಗೆ ಹೋದರೆ ಅದೂ ಒಂದು ಸೇವೆಯೇ.

ಯುಗಾದಿ ಕಳೆದ ಮೇಲೆ ನನ್ನ ಚಿಕಿತ್ಸೆ ಮುಗಿಯಿತು. ತಪ್ಪಿಸಿದ ಒಂಬತ್ತು ದಿನಗಳಿಂದಾಗಿ ಮೊಮ್ಮಗಳು ನನಗಿಂತ ಮೊದಲೇ ಮುಗಿಸಿದ್ದಳು. ಆದರೂ ಆ ಒಂಬತ್ತು ದಿನವೂ ಅವಳು ಬೆಳಿಗ್ಗೆ ಪೂಜೆಯ ಹೊತ್ತಿಗೆ ಬಂದು, ನಾನು ಗುಳಿಗೆ ನುಂಗಿ ನೀರು ಕುಡಿಯುವವರೆಗೆ ಎದುರಿಗೆ ಕುಳಿತಿರುತ್ತಿದ್ದಳು. ಅವಳು ನನಗಾಗಿ ಕಾಯುತ್ತಿದ್ದಳೋ, ನನ್ನನ್ನು ಕಾಯುತ್ತಿದ್ದಳೋ ಹೇಳಲಾರೆ. ‘ಕಾಯು’ ಎಂಬ ಪದದ ಎರಡು ಅರ್ಥಗಳು ಒಂದಾಗಿ ನನಗೆ ಕಂಡದ್ದು ಆಗ. ಇಂದು ಯಾರ ಮನೆಯಲ್ಲಿ ಯಾರು ಯಾವ ವರದಿಗಾಗಿ, ಯಾವ ಗುಣಕ್ಕಾಗಿ ಕಾಯುತ್ತಿದ್ದಾರೋ, ಅವರ ಮಗ್ಗುಲಲ್ಲಿ ಹೀಗೆ ಕುಳಿತು ಕಾಯುವವರು ಒಬ್ಬರಾದರೂ ಇರಲಿ. ಎಲ್ಲರನ್ನೂ ಕಾಯುವ ಗುರುಲಿಂಗಜಂಗಮದ ಕೃಪೆ ಅವರ ಮೇಲಿರಲಿ ಎಂದು ಪ್ರಾರ್ಥಿಸಿ ವಿರಮಿಸುತ್ತೇನೆ.